ಮುಂದೆ ಎತ್ತರ, ಹಿಂದೆ ಇಳಿಜಾರು

ನನ್ನ ಮೈಕಟ್ಟನ್ನೇ ಹೋಲುವ ಪ್ರಾಣಿಯೊಂದು ಈ ಭೂಮಿಯ ಮೇಲೆ ಇದೆ ಎಂಬುದು ನನಗೆ ಖಾತ್ರಿಯಾದದ್ದು ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಅದೂ ನನ್ನ ಮಾವನವರ ಎದುರಿಗೆ. ಬೇರೆ ಯಾರ ಎದುರಿಗಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಮಾವನವರ ಎದುರಿಗೆ ಆಯಿತಲ್ಲ, ಅದಕ್ಕೇ ಇಷ್ಟುದ್ದ ಹೇಳಬೇಕಾಗಿದೆ.

ಮೊದಲು ನನ್ನ ಮೈಕಟ್ಟಿನ ವಿಚಾರ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ. ನಾನು ಗುಬ್ಬಿಯವನು. ಗುಬ್ಬಿಯವನು ಎಂದರೆ ಜನ ಒಂದೋ ನಾಟಕ ಆಡುತ್ತೀರಾ ಎಂದು ಕೇಳುತ್ತಾರೆ, ಇಲ್ಲವೇ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ಊರಿನ ಹೆಸರಿಗೂ ಆಳಿಗೂ ತಾಳೆಯೇ ಇಲ್ಲವಲ್ಲ ಎಂದು ನಗುತ್ತಾರೆ. ಆರಡಿಗೆ ಒಂದಂಗುಲ ಕಮ್ಮಿ. ಉದ್ದ ಕತ್ತು, ಅಗಲವಾದ ಭುಜ. ಇಲ್ಲಿಯವರೆಗೆ ದೇವರು ಉತ್ಸಾಹದಿಂದಲೇ ಕೆಲಸ ಮಾಡಿದ್ದಾನೆ. ಆಮೇಲೆ ಅವನಿಗೆ ಸಾಮಾನು ಸಾಲದೆ ಹೋಯಿತೋ, ಊಟದ ಹೊತ್ತಾಯಿತೋ, ಸೊಂಟದಿಂದ ಕೆಳಗಿನದನ್ನು ಹೇಗೋ ಮುಗಿಸಿ ಕೈ ತೊಳೆದುಕೊಂಡಿದ್ದಾನೆ. ಗುಬ್ಬಿಯಲ್ಲಿ ನನಗೆ ಬಟ್ಟೆ ಹೊಲಿಯುತ್ತಿದ್ದ ಟೈಲರ್ ಬಸಣ್ಣ, "ಸಾರ್, ನಿಮ್ಗೆ ಶರ್ಟಿಗೆ ಬಟ್ಟೆ ಸಾಲಲ್ಲ, ಪ್ಯಾಂಟಿಗೆ ಮಿಗುತ್ತೆ. ಒಟ್ಟಾರೆ ಸರಿಹೋಗುತ್ತೆ ಬಿಡಿ" ಎಂದು ಸಮಾಧಾನ ಹೇಳುತ್ತಿದ್ದ. ನಾನೂ ಆ ಸಮಾಧಾನದಲ್ಲೇ ಬಹಳ ವರ್ಷ ಕಳೆದವನು. ಕೆಲಸ ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವುದು. ಮೇಜಿನ ಹಿಂದೆ ನಿಂತು ಪಾಠ ಮಾಡುವವನ ಕಾಲು ಯಾರಿಗೆ ಕಾಣಬೇಕು?

ಕಂಡದ್ದು ಮಾವನವರಿಗೆ.

ನಮ್ಮ ಮಾವ ಸಿದ್ಲಿಂಗಪ್ಪನವರು ಹೆಬ್ಬೂರಿನ ಆಚೆಯ ಒಂದು ಹಳ್ಳಿಯವರು. ಹಣೆಯ ಮೇಲೆ ಮೂರು ಬೆರಳು ವಿಭೂತಿ, ಹೆಗಲ ಮೇಲೆ ಚೌಕುಳಿ ಟವೆಲ್ಲು. ಒಂದಿಷ್ಟು ರಾಗಿ ಹೊಲ, ಒಂದಿಷ್ಟು ತೆಂಗು. ಆದರೆ ಅವರ ನಿಜವಾದ ಆಸ್ತಿ ಎಂದರೆ ಕಣ್ಣು, ದನ ನೋಡುವ ಕಣ್ಣು. ಊರ್ಡಿಗೆರೆಯಿಂದ ಯಡಿಯೂರಿನವರೆಗೆ ಯಾರಾದರೂ ಎತ್ತು ಕೊಳ್ಳಬೇಕಾದರೆ ಮೊದಲು ಸಿದ್ಲಿಂಗಪ್ಪನವರನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದ ಕಾಲ ಒಂದಿತ್ತು. ಅವರು ದಳ್ಳಾಳಿಯಲ್ಲ, ಒಂದು ಕಾಸು ಮುಟ್ಟುತ್ತಿರಲಿಲ್ಲ. ಒಂದು ಲೋಟ ಕಾಫಿ ಕೊಟ್ಟರೆ ಸಾಕು, ಬಂದು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು. ಬೆನ್ನು, ಹಣೆ, ಭುಜಗಳಲ್ಲಿ ಕೂದಲು ಸುತ್ತಿಕೊಂಡು ಬೆಳೆದ ಸುಳಿ ಎಲ್ಲಿದೆ ಎಂದು ಬೆರಳಾಡಿಸಿ ನೋಡುತ್ತಿದ್ದರು. ಇಂಥ ಸುಳಿಯಿದ್ದರೆ ಮನೆಗೆ ಆಗಿಬರುತ್ತದೆ, ಇಂಥದ್ದಿದ್ದರೆ ಯಜಮಾನನಿಗೆ ಆಗುವುದಿಲ್ಲ ಎಂದು ಅವರದೇ ಒಂದು ಶಾಸ್ತ್ರ. ಕೊನೆಗೆ ಎತ್ತನ್ನು ನಡೆಸಿ, ತಾವು ಹಿಂದೆ ಹಿಂದೆ ಹೋಗುತ್ತಿದ್ದರು. ಮುಖ ನೋಡಿ ಎತ್ತು ಕೊಳ್ಳುವವನು ದಡ್ಡ ಎಂಬುದು ಅವರ ಮತ. ಏರು ಹತ್ತುವಾಗ ಹಿಂದಿನಿಂದ ನೋಡಬೇಕು, ಎತ್ತಿನ ಬಂಡವಾಳವೆಲ್ಲ ಆಗ ಗೊತ್ತಾಗುತ್ತದಂತೆ.

ದನದ ವ್ಯಾಪಾರದ ಒಂದು ಪದ್ಧತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮಾವನವರನ್ನು ಆ ಟವೆಲ್ಲಿಲ್ಲದೆ ಅರ್ಥ ಮಾಡಿಕೊಳ್ಳಲು ಆಗುವುದಿಲ್ಲ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸುತ್ತ ನಿಂತವರ ಕಿವಿಗೆ ಬಿದ್ದರೆ ವ್ಯಾಪಾರ ಕೆಡುತ್ತದೆ. ಇಬ್ಬರೂ ಕೈಗೆ ಕೈ ಕೊಟ್ಟು ಮೇಲೆ ಟವೆಲ್ಲು ಮುಚ್ಚುತ್ತಾರೆ. ಒಳಗೆ ಬೆರಳುಗಳೇ ಮಾತಾಡಿಕೊಳ್ಳುತ್ತವೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಐದೂ ಸೇರಿಸಿ ಹಿಡಿದರೆ ಐದು. ನೂರರ ಮಾತೋ ಸಾವಿರದ ಮಾತೋ ಎಂಬುದನ್ನು ಮಾತ್ರ ಮೊದಲೇ ಹೇಳಿಕೊಂಡಿರುತ್ತಾರೆ. ಬೆಲೆ ಒಪ್ಪಿಗೆಯಾಗದಿದ್ದರೆ ತಟ್ಟನೆ ಕೈಬಿಟ್ಟು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ನಡೆಯುವುದು. ಜಗಳವಿಲ್ಲ, ಕೂಗಾಟವಿಲ್ಲ. ಟವೆಲ್ಲಿನ ಕೆಳಗೆ ಆದದ್ದನ್ನು ಹೊರಗೆ ಆಡುವಂತಿಲ್ಲ.

ಇಂಥವರ ಮನೆಗೆ ನಾನು ಮೂವತ್ತು ವರ್ಷದ ಹಿಂದೆ ಹೆಣ್ಣು ನೋಡಲು ಹೋದೆ. ಜೊತೆಗೆ ಮಾತುಕತೆಗೆಂದು ನಮ್ಮ ಚಿಕ್ಕಪ್ಪ ರುದ್ರಣ್ಣ ಇದ್ದರು. ಉಪ್ಪಿಟ್ಟು ಬಂತು, ಕಾಫಿ ಬಂತು, ಗಿರಿಜ ಬಂದಳು. ನಾನು ಗಿರಿಜಳನ್ನು ನೋಡುವುದರಲ್ಲಿದ್ದೆ. ಮಾವನವರು ನನ್ನ ಮುಖ ನೋಡಲೇ ಇಲ್ಲ. ಉಪ್ಪಿಟ್ಟು ತಿನ್ನುವಾಗ ಹಲ್ಲು ನೋಡಿದರು ಎಂಬುದು ಆಮೇಲೆ ತಿಳಿಯಿತು. ಕಾಫಿ ಮುಗಿದದ್ದೇ, "ಬನ್ನಿ ಮೇಷ್ಟ್ರೇ, ತ್ವಾಟ ನೋಡ್ಕಂಡ್ ಬರಣ" ಎಂದು ಎದ್ದರು. ತೋಟಕ್ಕೆ ಹೋಗಬೇಕಾದರೆ ಕೆರೆಯ ಏರಿ ಹತ್ತಬೇಕು. "ನೀವ್ ಮುಂದೆ ನಡೀರಿ" ಎಂದರು. ಭಾವೀ ಅಳಿಯನಿಗೆ ಎಂಥ ಮರ್ಯಾದೆ ಎಂದು ನಾನು ಉಬ್ಬಿಹೋದೆ. ಹೊಸ ಚಪ್ಪಲಿ ಬೇರೆ, ಏರಿಯ ಮೇಲೆ ಎರಡು ಸಲ ಜಾರಿತು. ಹಿಂದಿನಿಂದ "ಹೂಂ" ಎಂಬ ಶಬ್ದ ಮಾತ್ರ ಕೇಳಿಸಿತು.

ಸಂಬಂಧ ಕುದುರಿತು. ಆದರೆ ತೀರ್ಪಿನ ಪೂರ್ತಿ ಪಾಠವನ್ನು ಚಿಕ್ಕಪ್ಪ ಬಸ್ಸಿನಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಾ ನನಗೆ ಒಪ್ಪಿಸಿದರು. ಮಾವನವರು ಅವರನ್ನು ಕೊಟ್ಟಿಗೆಯ ಹತ್ತಿರ ಕರೆದು ಹೇಳಿದ್ದರಂತೆ: "ಹುಡ್ಗ ಸಾಧು. ಹಲ್ಲು ಚೆನ್ನಾಗವೆ. ಆದ್ರೆ ಮುಂದೆ ಎತ್ರ, ಹಿಂದೆ ಇಳ್ಜಾರು. ಏರು ಬಂದ್ರೆ ಎಳೆಯಾಕಿಲ್ಲ. ಹೋಗ್ಲಿ ಬುಡಿ, ಸರ್ಕಾರಿ ಕೆಲ್ಸ ಐತೆ, ಸಮತಟ್ಟಲ್ಲಿ ನಡ್ಕಂಡ್ ಹೋಯ್ತಾನೆ."

ಈ ಮಾತು ನನ್ನ ಮೂವತ್ತು ವರ್ಷದ ಸಂಸಾರವನ್ನು ಆಳಿದೆ ಎಂದರೆ ನೀವು ನಂಬಲಿಕ್ಕಿಲ್ಲ. ಒಂದೇ ಒಂದು ಸಲ ಮಾವನವರ ಬಾಯಲ್ಲಿ ಆ ತೀರ್ಪು ತಿದ್ದುಪಡಿಯಾಗಬೇಕು ಎಂಬುದು ನನ್ನ ಆಸೆ. ಬೇರೆ ಯಾರ ಸರ್ಟಿಫಿಕೇಟೂ ನನಗೆ ಬೇಡ. ಆ ಮನುಷ್ಯ ಎತ್ತಿನ ವಿಷಯದಲ್ಲಿ ತಪ್ಪಿದ್ದನ್ನು ಯಾರೂ ಕಂಡಿಲ್ಲ, ನೋವು ಅದೇ. ಮದುವೆಯಾದ ಹೊಸತರಲ್ಲಿ ಅವರು ತುಮಕೂರಿನ ನಮ್ಮ ಬಾಡಿಗೆ ಮನೆಗೆ ಬಂದಾಗ, ಅವರ ಕಣ್ಣೆದುರೇ ತುಂಬಿದ ಗ್ಯಾಸ್ ಸಿಲಿಂಡರನ್ನು ಎರಡು ಮಹಡಿ ಹೊತ್ತುಕೊಂಡು ಹತ್ತಿದೆ. ಹತ್ತಿದ್ದೇನೋ ನಿಜ. ಇಳಿಯಲಾಗದೆ ಎಂಟು ದಿನ ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಂಡು ಮಲಗಿದೆ. ಎಣ್ಣೆ ಕಾಯಿಸಿ ಕೊಟ್ಟವರೂ ಅವರೇ. ಇನ್ನೊಂದು ಸಲ ದೇವರಾಯನದುರ್ಗಕ್ಕೆ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ. ಬೆಟ್ಟದ ರಸ್ತೆಯಲ್ಲಿ ಅರ್ಧ ಹತ್ತಿ ಸ್ಕೂಟರ್ ಉಸಿರು ಬಿಟ್ಟಿತು. ಇಳಿದು ತಳ್ಳತೊಡಗಿದೆ. ಮಾವನವರು ಪಕ್ಕದಲ್ಲಿ ಕೈಕಟ್ಟಿಕೊಂಡು ನಡೆಯುತ್ತಾ ರಸ್ತೆಯನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಒಂದೇ ಮಾತು ಹೇಳಿದರು: "ಏರು."

ಅತ್ತೆಯವರು ಕೊನೆಯ ಮೂರು ತಿಂಗಳು ತುಮಕೂರಿನ ಆಸ್ಪತ್ರೆಯಲ್ಲಿದ್ದಾಗ ಮನೆ, ಸ್ಕೂಲು, ಆಸ್ಪತ್ರೆ ಎಂದು ನಾನು ತಿರುಗಿದ್ದನ್ನು ಈ ಪಟ್ಟಿಗೆ ಸೇರಿಸುವುದಿಲ್ಲ. ಅದು ಯಾರನ್ನೂ ಮೆಚ್ಚಿಸಲು ಮಾಡಿದ್ದಲ್ಲ. ಆಗಬೇಕಿತ್ತು, ಮಾಡಿದೆ. ಅತ್ತೆ ಹೋಗಿ ಈಗ ನಾಲ್ಕು ವರ್ಷ.

ಈಚೆಗೆ ಮಾವನವರನ್ನು ದನ ನೋಡಲು ಕರೆಯುವವರಿಲ್ಲ. ಹೊಲಕ್ಕೆ ಟಿಲ್ಲರ್ ಬಂತು, ಟಿಲ್ಲರಿಗೆ ಸುಳಿ ಎಲ್ಲಿಂದ ಬರಬೇಕು? ಹಾಲು ಕರೆಯುವ ಹಸುವನ್ನಂತೂ ಜನ ಹಾಲಿನ ಲೀಟರು ಕೇಳಿ ಕೊಳ್ಳುತ್ತಾರೆ. ಎಂಬತ್ತೆರಡು ವರ್ಷದ ಮಾವನವರು ನಮ್ಮ ಮನೆಗೆ ಬಂದರೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ರಸ್ತೆಯ ಮೇಲೆ ಹೋಗುವವರನ್ನೇ ನೋಡುತ್ತಾರೆ. "ಆ ನೀಲಿ ಶರ್ಟಿನವ್ನು ಬಲಗಾಲು ಎಳೀತಾನೆ, ಮಂಡಿ ಕೆಟ್ಟೈತೆ" ಎನ್ನುತ್ತಾರೆ. ಆ ನೀಲಿ ಶರ್ಟಿನವನು ಮಾರನೆಯ ವಾರ ಮಂಡಿಗೆ ಪಟ್ಟಿ ಕಟ್ಟಿಕೊಂಡು ಹೋಗುತ್ತಾನೆ. ಇದನ್ನೆಲ್ಲ ನೋಡಿ ಗಿರಿಜ ಒಂದು ದಿನ, "ರೀ, ಅಪ್ಪನ್ನ ಮೃಗಾಲಯಕ್ಕಾದ್ರೂ ಕರ್ಕೊಂಡ್ ಹೋಗೋಣ, ನೋಡೋಕೆ ಏನಾದ್ರೂ ಸಿಗುತ್ತೆ" ಎಂದಳು. ಮಾವನವರು, "ಹುಲಿ ಗಿಲಿ ಬ್ಯಾಡ ಕಣವ್ವ. ಮೆಲುಕು ಹಾಕೋವು ಇದ್ರೆ ತೋರ್ಸು" ಎಂದರು.

ನನಗೆ ಒಳಗೊಳಗೇ ಖುಷಿ. ಸಂತೆಯಲ್ಲಿ ಅವರು ಮೇಷ್ಟ್ರು, ಸರಿ. ಮೃಗಾಲಯದಲ್ಲಿ ಮೇಷ್ಟ್ರು ಯಾರು? ಜೀವಶಾಸ್ತ್ರ ಓದಿದವನು ನಾನು. ಒಂದು ದಿನವಾದರೂ ಅವರು ಕೇಳಬೇಕು, ನಾನು ಹೇಳಬೇಕು. ಬೆಳಿಗ್ಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು, ಮೈಸೂರು ಕಡೆಯ ಬಸ್ಸು ಹತ್ತಿದೆವು. ಕುದುರೆ ಸಾಕುವ ಫಾರಂ ಇರುವ ಕುಣಿಗಲ್ಲಿನಲ್ಲಿ ಬಸ್ಸು ನಿಂತಾಗ ಮಾವನವರು, "ಈ ಊರ್ನೋರು ಕುದ್ರೆ ನೋಡಿ ನೋಡಿ ಕಣ್ಣು ಕೆಡಿಸ್ಕಂಡವ್ರೆ. ಕುದ್ರೆ ಓಡ್ತದೆ ಅಷ್ಟೇಯ, ಏನ್ ಎಳೀತದೆ?" ಎಂದು ಒಂದು ತಾಲ್ಲೂಕನ್ನೇ ತಳ್ಳಿಹಾಕಿದರು. ಎಳೆಯದ ಪ್ರಾಣಿ ಅವರ ಪಾಲಿಗೆ ಪ್ರಾಣಿಯೇ ಅಲ್ಲ. ನಾನು ಕಿಟಕಿಯ ಕಡೆ ನೋಡಿದೆ.

ಮೃಗಾಲಯದಲ್ಲಿ ಜಿಂಕೆ, ಕಡವೆ, ಕಾಡೆಮ್ಮೆ ಎಲ್ಲ ಮುಗಿಸಿಕೊಂಡು ಒಂದು ದೊಡ್ಡ ಬಯಲಿನಂಥ ಆವರಣದ ಮುಂದೆ ಬಂದೆವು. ಅಲ್ಲಿ ನಿಂತಿತ್ತು ಅದು. ನೀಲಗಾಯಿ. ತೆಂಗಿನ ಸೀಮೆಯಲ್ಲಿ ಹುಟ್ಟಿದವರಿಗೆ ಈ ಹೆಸರು ಕೇಳಿದರೆ ಯಾವುದೋ ಹೊಸ ತಳಿಯ ಕಾಯಿ ಎನ್ನಿಸಬಹುದು. ಕಾಯಿಯಲ್ಲ, ಏಷ್ಯಾದ ಹುಲ್ಲೆಗಳಲ್ಲೆಲ್ಲ ದೊಡ್ಡದು. ನಮ್ಮ ಜಿಲ್ಲೆಯಲ್ಲಿ ಮಧುಗಿರಿ ಕಡೆ ಕೃಷ್ಣಮೃಗಗಳಿವೆ, ಅವನ್ನು ಇದರ ಪಕ್ಕ ನಿಲ್ಲಿಸಿದರೆ ಮರಿ ಎಂದುಕೊಳ್ಳಬೇಕು. ಭುಜದ ಹತ್ತಿರ ನಾಲ್ಕೂವರೆ ಅಡಿ ದಾಟಿದ ಗಂಡು. ಮೈಬಣ್ಣ ಮಳೆಗೆ ನೆಂದ ಸ್ಲೇಟಿನಂಥ ನೀಲಿ ಬೂದು. ಉದ್ದ ಕತ್ತು, ಕತ್ತಿನ ಮೇಲೆ ಕುಚ್ಚು ಕುಚ್ಚಾಗಿ ನಿಂತ ಕೂದಲು, ಗಂಟಲಲ್ಲಿ ಒಂದು ಬಿಳಿ ಮಚ್ಚೆ, ಅದರ ಕೆಳಗೆ ಜೋತುಬಿದ್ದ ಕಪ್ಪು ಗಡ್ಡ. ಕೆನ್ನೆಯ ಮೇಲೆ ಎರಡು ಬಿಳಿ ಚುಕ್ಕೆ. ಗೊರಸಿನ ಮೇಲೆ ಬಿಳಿ ಬಳೆ. ಇಷ್ಟೆಲ್ಲ ದೊಡ್ಡಸ್ತಿಕೆಗೆ ತಲೆಯ ಮೇಲೆ ಮಾತ್ರ ಗೇಣುದ್ದದ ಎರಡು ಮೊಂಡು ಕೊಂಬು.

ನಾನು ಗಂಟಲು ಸರಿಮಾಡಿಕೊಂಡೆ. ಬೋರ್ಡು ಓದಬಹುದಿತ್ತು. ಆದರೆ ಮೂವತ್ತು ವರ್ಷ ಪಾಠ ಮಾಡಿದವನು ಬೋರ್ಡು ಓದುತ್ತಾನೆಯೇ? ಬರೆದು ಅಭ್ಯಾಸ. "ಇದು ಜಿಂಕೆಯ ಜಾತಿ ಮಾವ. ಇವುಗಳ ಕೊಂಬು ಪ್ರತಿ ವರ್ಷ ಉದುರಿ ಹೊಸದಾಗಿ ಬರುತ್ತೆ. ಈ ವರ್ಷದ್ದು ಈಗ ಹುಟ್ತಾ ಇದೆ, ಅದಕ್ಕೇ ಇಷ್ಟು ಚಿಕ್ಕದು" ಎಂದು ಸಾಕಷ್ಟು ಜೋರಾಗಿಯೇ ಹೇಳಿದೆ. ಪಕ್ಕದಲ್ಲಿ ನಿಂತಿದ್ದ ಯಾವುದೋ ಸಂಸಾರ ನನ್ನ ಕಡೆ ಗೌರವದಿಂದ ತಿರುಗಿತು.

ಮಾವನವರು ಬೇಲಿಯ ಮೇಲೆ ಎರಡೂ ಕೈಯಿಟ್ಟು ಬಹಳ ಹೊತ್ತು ನೋಡಿದರು. ನಾಲ್ಕೈದು ವರ್ಷದಿಂದ ಅವರ ಕಣ್ಣು ಹಾಗೆ ಬೆಳಗಿದ್ದನ್ನು ನಾನು ಕಂಡಿರಲಿಲ್ಲ. "ಉದ್ರೋ ಕೊಂಬಲ್ಲ ಮೇಷ್ಟ್ರೇ" ಎಂದರು. "ಬುಡ ನೋಡಿ. ನಮ್ ಎತ್ತಿಂದು ಇದ್ದಂಗೇ ಐತೆ. ಒಳಗೆ ಮೂಳೆ, ಮ್ಯಾಲೆ ಹೊದಿಕೆ. ಮುರುದ್ರೆ ಮುರುದೀತು, ಉದ್ರಾಕಿಲ್ಲ. ಬಾಲ ನೋಡಿ, ತುದೀಲಿ ಕುಚ್ಚು. ಗೊರಸು ನೋಡಿ. ಮೆಲುಕು ಹಾಕೋ ದವಡೆ ನೋಡಿ. ಕತ್ತಿನ ಕೆಳಗೆ ಜೋಲೋ ಗಂಗೆದೊಗಲು ಒಂದಿಲ್ಲ, ಅದ್ರ ಬದ್ಲು ಗಡ್ಡ ಬುಟ್ಟವ್ನೆ. ಇದು ಜಿಂಕೆ ಅಲ್ಲ ಕಣ್ರೀ, ದನದ ಕುಲ."

"ಅಪ್ಪಾ, ಇವರು ಬಯಾಲಜಿ ಮೇಷ್ಟ್ರು" ಎಂದಳು ಗಿರಿಜ, ಗಂಡನ ಮಾನ ಉಳಿಸಲು.

"ಇರ್ಲಿ ಕಣವ್ವ, ನಾನೇನ್ ಬ್ಯಾಡ ಅಂದ್ನಾ?"

ಅಷ್ಟರಲ್ಲಿ ಖಾಕಿ ಬಟ್ಟೆಯ ಪಾಲಕರೊಬ್ಬರು ಹಸಿ ಸೊಪ್ಪಿನ ಹೊರೆ ತಂದರು. ನಾನು ಅವರನ್ನೇ ಸಾಕ್ಷಿಗೆ ಕರೆದೆ, ಅದು ನನ್ನ ಎರಡನೆಯ ತಪ್ಪು. ಅವರು ಸೊಪ್ಪು ಇಳಿಸಿ, "ಅಜ್ಜ ಹೇಳಿದ್ದು ಕರೆಕ್ಟು ಸಾರ್. ಕೊಂಬು ಉದುರಲ್ಲ. ಇದು ಹಸು, ಎಮ್ಮೆ ಕಡೆಗೇ ಹತ್ತಿರ" ಎಂದರು. ಗೌರವದಿಂದ ತಿರುಗಿದ್ದ ಸಂಸಾರ ಮಾವನವರ ಪಕ್ಕಕ್ಕೆ ಸರಿದು ನಿಂತಿತು.

ಮನೆಗೆ ಬಂದ ಮೇಲೆ ಪುಸ್ತಕ ತೆಗೆದು ನೋಡಿದೆ, ಮಾವನವರದ್ದೇ ನಿಜ. ಜಿಂಕೆ, ಕಡವೆಗಳ ಕೊಂಬು ಬರೀ ಮೂಳೆ, ವರ್ಷಕ್ಕೊಮ್ಮೆ ಕಳಚಿ ಬೀಳುತ್ತದೆ. ಹುಲ್ಲೆಗಳದ್ದು ದನ ಕುರಿಗಳಂತೆ ಒಳಗೆ ಮೂಳೆ, ಮೇಲೆ ಉಗುರಿನಂಥ ಹೊದಿಕೆ, ಸಾಯುವವರೆಗೂ ಒಂದೇ ಜೊತೆ. ಹುಲ್ಲೆಗಳಲ್ಲೂ ಈ ನೀಲಗಾಯಿ ಹಸುವಿನ ಉಪಕುಟುಂಬಕ್ಕೇ ಸೇರಿದ್ದು. ಇದರ ತೀರ ಹತ್ತಿರದ ನೆಂಟ ಎಂದರೆ ನಾಲ್ಕು ಕೊಂಬಿನ ನಮ್ಮ ಕೊಂಡುಕುರಿ. ಕನ್ನಡದಲ್ಲಿ ನಾವು ಕಾಡಿನಲ್ಲಿ ನೆಗೆಯುವುದನ್ನೆಲ್ಲ ಜಿಂಕೆ ಎಂದು ಒಂದೇ ಚೀಲಕ್ಕೆ ತುಂಬುತ್ತೇವೆ. ಪಾಠದ ಪುಸ್ತಕದಲ್ಲಿ ಹೃದಯದ ನಾಲ್ಕು ಕೋಣೆ, ಕಪ್ಪೆಯ ಜೀರ್ಣಾಂಗ ದಾಟಿ ನಾನೂ ಆಚೆ ಹೋದವನಲ್ಲ. ಒಂದು ಪ್ರಾಣಿಯ ಕುಲವನ್ನು ಬೇಲಿಯ ಈಚೆ ನಿಂತು ಬರೀ ಕಣ್ಣಿನಲ್ಲಿ ಹಿಡಿದ ಮುದುಕನಿಗೂ, ಮೂವತ್ತು ವರ್ಷ ಸಂಬಳ ತೆಗೆದುಕೊಂಡ ನನಗೂ ನಡುವೆ ಎಷ್ಟು ದೂರ ಎಂದು ಅವತ್ತು ನಾಚಿಕೆಯಾಯಿತು. ಸುಳ್ಳೇಕೆ, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಮಾವನವರೂ ಒಂದು ಕಡೆ ಎಡವಿದರು, ಅದನ್ನು ಹೇಳದೆ ಬಿಡಲಾರೆ. ಆವರಣದ ಆ ತುದಿಯಲ್ಲಿ ಕಂದು ಬಣ್ಣದ, ಕೊಂಬಿಲ್ಲದ ನಾಲ್ಕು ಪ್ರಾಣಿಗಳು ಬೇರೆಯಾಗಿ ನಿಂತಿದ್ದವು. "ಅವ್ಯಾಕೆ ಇದ್ರೊಳಗೆ ಬುಟ್ಟವ್ರೆ? ಜಾತಿನೇ ಬ್ಯಾರೆ. ಬಣ್ಣ ಕೂಡಲ್ಲ, ಎತ್ರ ಕೂಡಲ್ಲ" ಎಂದರು. ಎತ್ತಿನ ಜೋಡಿ ಎಂದರೆ ಬಣ್ಣಕ್ಕೆ ಬಣ್ಣ, ಕೊಂಬಿಗೆ ಕೊಂಬು ಕೂಡಬೇಕು ಎಂದು ಬೆಳೆದವರು. ಪಾಲಕರು ನಕ್ಕು, "ಅಜ್ಜಾ, ಅವು ಇದರ ಹೆಣ್ಣುಗಳು" ಎಂದರು. ಹೆಣ್ಣು, ಮರಿ ಕಂದು. ಗಂಡು ಪ್ರಾಯಕ್ಕೆ ಬಂದ ಮೇಲೆ ನೀಲಿ ತಿರುಗುತ್ತದೆ. ಅವು ಕೂಡುವ ಕಾಲ ಬಿಟ್ಟರೆ ಗಂಡು ಹೆಣ್ಣು ಬೇರೆ ಬೇರೆ ಗುಂಪಾಗಿಯೇ ಇರುತ್ತವಂತೆ. ಎಂಟು ತಿಂಗಳು ಬಸಿರು, ಅವಳಿ ಮರಿ ಸಾಮಾನ್ಯ. ಗಂಡುಗಳು ಲದ್ದಿ ಹಾಕಲು ಸುತ್ತ ಎಷ್ಟು ಬಯಲಿದ್ದರೂ ತಪ್ಪದೆ ಹಳೆಯ ಲದ್ದಿ ಗುಡ್ಡೆಗೇ ಬರುತ್ತವಂತೆ, ಇದು ನನ್ನ ಜಾಗ ಎಂದು ಸಾರುವುದಕ್ಕೆ. ನನಗೆ ನಮ್ಮ ಬಡಾವಣೆಯ ಟೀ ಅಂಗಡಿಯ ಕಟ್ಟೆ ನೆನಪಾಯಿತು. ಅಲ್ಲೂ ಅದೇ ನಾಲ್ಕು ಜನ ಗಂಡಸರು, ಅದೇ ಜಾಗ, ಅದೇ ಹೊತ್ತು. ಅವರಲ್ಲಿ ಒಬ್ಬ ನಾನೇ. ಲದ್ದಿಯ ಬದಲು ರಾಜಕೀಯ ಮಾತಾಡುತ್ತೇವೆ, ಅಷ್ಟೇ ವ್ಯತ್ಯಾಸ.

ಆಗ ಗಂಡು ನೀಲಗಾಯಿ ಅಡ್ಡ ತಿರುಗಿ ನಿಂತಿತು. ಮೈಯ ಪಕ್ಕದ ನೋಟ ಪೂರ್ತಿ ಕಂಡಿತು. ಎತ್ತರದ ಭುಜ, ತುಂಬಿದ ಎದೆ. ಅಲ್ಲಿಂದ ಬೆನ್ನು ಹಿಂದಕ್ಕೆ ಜಾರುತ್ತಾ ಜಾರುತ್ತಾ ಬಾಲದ ಹತ್ತಿರ ಕುಗ್ಗಿಹೋಗಿತ್ತು. ನನಗೆ ಮುಂದೇನು ಬರುತ್ತದೆ ಎಂದು ಗೊತ್ತಾಗಿಹೋಯಿತು. ಬಂತು.

"ಮುಂದೆ ಎತ್ರ, ಹಿಂದೆ ಇಳ್ಜಾರು" ಎಂದರು ಮಾವನವರು.

ಮೂವತ್ತು ವರ್ಷದ ಹಿಂದೆ ಚಿಕ್ಕಪ್ಪನ ಬಾಯಿಂದ ಕೇಳಿದ್ದನ್ನು ಈಗ ಮೂಲದಿಂದಲೇ ಕೇಳಿದೆ. ಹೇಳಿಬಿಟ್ಟು ಅವರು ಪ್ರಾಣಿಯನ್ನು ನೋಡಿದರು, ತಿರುಗಿ ನನ್ನನ್ನು ನೋಡಿದರು, ಮತ್ತೆ ಪ್ರಾಣಿಯನ್ನು ನೋಡಿದರು. ಗಿರಿಜ ಸೆರಗು ಬಾಯಿಗೆ ಒತ್ತಿಕೊಂಡಳು. ಎಷ್ಟು ಒತ್ತಿದರೂ ನಗು ಪಕ್ಕದಿಂದ ಹೊರಬಿತ್ತು. ನಾನೂ ಕತ್ತು ನೆಟ್ಟಗೆ ಮಾಡಿ ನೀಲಗಾಯಿಯ ಕಡೆ ನೋಡಿದೆ, ಅದೂ ಕತ್ತು ನೆಟ್ಟಗೆ ಮಾಡಿ ನನ್ನ ಕಡೆ ನೋಡಿತು. ಗಡ್ಡವೊಂದು ನನಗಿಲ್ಲ.

"ಹತ್ತಿರ ಕರೀತೀರಾ? ಹಲ್ಲು ನೋಡ್ಬೇಕಿತ್ತು" ಎಂದು ಮಾವನವರು ಪಾಲಕರನ್ನು ಕೇಳಿದರು. "ಅಯ್ಯೋ ಅಜ್ಜಾ, ಅದು ಬಾಯಿ ಬಿಡಿಸೋಕೆ ಬಿಡುತ್ತಾ? ತುಂಬಾ ಪುಕ್ಕಲು" ಎಂದು ಅವರು ಹೇಳುತ್ತಿದ್ದಂತೆ, ಯಾರ ಕೈಯಿಂದಲೋ ತಗಡಿನ ಬಕೆಟ್ ಒಂದು ಕಲ್ಲಿನ ಮೇಲೆ ಧಡಾರೆಂದು ಬಿತ್ತು.

ಆ ಪ್ರಾಣಿ ಓಡಿತು ನೋಡಿ! ಇನ್ನೂರು ಕಿಲೋಗೂ ಮಿಕ್ಕ ಮೈ ಅದು. ಕತ್ತು ಮುಂದಕ್ಕೆ ಚಾಚಿ, ಆ ಇಳಿಜಾರು ಬೆನ್ನನ್ನು ಹಿಡಿಮಾಡಿಕೊಂಡು ಹಿಂಗಾಲುಗಳಿಂದ ಒದ್ದು ಬಯಲಿನ ಆ ಕೊನೆಯವರೆಗೆ ಒಂದೇ ಉಸಿರಿಗೆ ಹೋಯಿತು. ಆ ತುದಿಯಲ್ಲಿ ಒಂದು ಮಣ್ಣಿನ ದಿಬ್ಬ ಇತ್ತು. ಅದನ್ನು ಏರು ಎಂದು ಕೂಡ ಲೆಕ್ಕಿಸದೆ ಹತ್ತಿ ಮೇಲೆ ನಿಂತು ತಿರುಗಿ ನೋಡಿತು. ಒಂದು ಸದ್ದಿಲ್ಲ, ಏದುಸಿರಿಲ್ಲ.

ಮಾವನವರ ಬಾಯಿ ತೆರೆದದ್ದು ತೆರೆದೇ ಇತ್ತು. "ಎಲಾ ಇವ್ನಾ!" ಎಂದರು. ಪಾಲಕರು ತಾವಾಗಿಯೇ ಹೇಳುತ್ತಾ ಹೋದರು: ಎರಡು ಗಂಡು ಜಗಳಕ್ಕೆ ಬಿದ್ದರೆ ಮೊಣಕಾಲೂರಿ ಕತ್ತಿಗೆ ಕತ್ತು ಒತ್ತಿ ನೂಕಾಡುತ್ತವೆ, ಅದಕ್ಕೇ ಕತ್ತು ಎದೆಗಳ ಚರ್ಮ ಅಷ್ಟು ದಪ್ಪ, ನೀರಿಲ್ಲದೆ ಒಂದೆರಡು ದಿನ ಇರಬಲ್ಲದು, ಮೇಲಿನ ಸೊಪ್ಪು ಎಟುಕದಿದ್ದರೆ ಹಿಂಗಾಲಿನ ಮೇಲೆ ಎದ್ದು ನಿಲ್ಲುತ್ತದೆ. ಮಾವನವರು ಕೊನೆಯ ಮಾತಿಗೆ ತಲೆಯೆತ್ತಿದರು. "ಹಿಂಗಾಲ್ ಮ್ಯಾಲಾ? ಇಷ್ಟು ಮೈ ಹೊತ್ಕಂಡಾ?" ಎಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಬೆನ್ನು ಹಾಗೇಕೆ ಇಳಿಜಾರು ಎಂದು ನನ್ನನ್ನು ಕೇಳಿದರು. ಅವತ್ತಿನ ಪೆಟ್ಟು ಸಾಕಾಗಿತ್ತು. "ಗೊತ್ತಿಲ್ಲ ಮಾವ" ಎಂದೆ. ಆ ದಿನ ನಾನು ಹೇಳಿದ ಒಂದೇ ಸರಿಯಾದ ಉತ್ತರ ಅದು.

ಮಧ್ಯಾಹ್ನದ ಬಸ್ಸಿಗೆ ಹೊರಟೆವು. ಗಿರಿಜ ಮುಂದಿನ ಸೀಟಿನಲ್ಲಿ, ನಾವಿಬ್ಬರೂ ಹಿಂದೆ. ನಾಗಮಂಗಲದವರೆಗೆ ಮಾವನವರು ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಎಂದುಕೊಂಡೆ. ನನ್ನ ತಲೆಯಲ್ಲಿ ಒಂದೇ ಕೊರೆತ: ಮೇಷ್ಟ್ರು ಎಂಬ ಒಂದು ಹೆಸರಿತ್ತು, ಇವತ್ತು ಅದೂ ಹೋಯಿತು. ಇನ್ನು ಒಂದು ವರ್ಷಕ್ಕೆ ನಿವೃತ್ತಿ. ಮಾವನವರಿಗೆ ಎಂಬತ್ತೆರಡು. ಆ ತೀರ್ಪು ತಿದ್ದುಪಡಿಯಾಗದೆಯೇ ಉಳಿದುಬಿಡುತ್ತದೆ.

ಕುಣಿಗಲ್ ಹತ್ತಿರ ಬರುವಾಗ, ಕಣ್ಣು ತೆರೆಯದೆಯೇ ಮಾವನವರು, "ಮೇಷ್ಟ್ರೇ" ಎಂದರು.

"ಏನ್ ಮಾವ?"

"ನೀವು ಹೆಣ್ಣು ನೋಡಾಕ್ ಬಂದಾಗ ನಾನೊಂದ್ ಮಾತು ಅಂದಿದ್ದೆ. ರುದ್ರಣ್ಣ ನಿಮ್ಗೆ ಹೇಳಿರ್ಬೇಕು."

"ಹೇಳಿದ್ರು."

"ಹೇಳ್ದೆ ಇರೋ ಆಳಲ್ಲ ಅವ್ನು." ಕಣ್ಣು ತೆರೆದು ಕಿಟಕಿಯಾಚೆ ನೋಡಿದರು. "ನಾನು ಯಾವ್ದನ್ನ್ ನೋಡಿದ್ರೂ ಮನ್ಸಲ್ಲಿ ಮೊದ್ಲು ನೊಗ ಇಟ್ ನೋಡ್ತೀನಿ. ಹುಟ್ಟಿದಾಗಿಂದ ಅದೇ ಅಭ್ಯಾಸ. ಇವತ್ತು ಆ ಪ್ರಾಣಿಗೂ ನೊಗ ಇಟ್ಟೆ, ಸೊಟ್ಟಗ್ ಕಾಣ್ತು. ಅದು ಓಡಿದ್ ಮ್ಯಾಲೆ, ತಪ್ಪು ಅದ್ರುದಲ್ಲ ಅನ್ನಿಸ್ತು." ಆಮೇಲೆ, "ನಿಮ್ಮತ್ತೆ ಆಸ್ಪತ್ರೇಲಿದ್ದಾಗ ಮೂರ್ ತಿಂಗ್ಳು ನೀವ್ ಓಡಿದ್ರಲ್ಲ. ನಾನು ಆಸ್ಪತ್ರೆ ಜಗ್ಲಿ ಮ್ಯಾಲೆ ಕೂತಿದ್ದೆ. ನೋಡ್ತಿದ್ದೆ. ನೋಡಿದ್ನ ಹೇಳೋದ್ ಮಾತ್ರ ಬರ್ಲಿಲ್ಲ" ಎಂದರು.

ಮಾತಾಡಿದರೆ ಎಡವಟ್ಟಾಗುತ್ತದೆ ಎಂದು ತಮಾಷೆಗೆ ತಿರುಗಿಸಿದೆ. "ಹಾಗಾದ್ರೆ ಈಗ ಏನ್ ಬೆಲೆ ಕಟ್ತೀರಿ ಮಾವ?"

ಅವರು ನಗಲಿಲ್ಲ. ಹೆಗಲಿನ ಟವೆಲ್ಲು ತೆಗೆದರು. ನನ್ನ ಬಲಗೈಯನ್ನು ಎಳೆದುಕೊಂಡು ಅದರ ಮೇಲೆ ಟವೆಲ್ಲು ಹೊದಿಸಿದರು. ಒಳಗೆ, ಗಂಟುಗಂಟಾದ ಆ ಕೈ ನನ್ನ ಒಂದು ಬೆರಳು ಹಿಡಿಯಿತು. ಆಮೇಲೆ ಎರಡು. ಆಮೇಲೆ ಐದನ್ನೂ ಸೇರಿಸಿ ಬಿಗಿಯಾಗಿ ಹಿಡಿಯಿತು.

ಗಿರಿಜ ಹಿಂದೆ ತಿರುಗಿ, "ಏನ್ರೀ ಅದು, ಅಪ್ಪ ಮಗ್ಗಿ ಹೇಳ್ಕೊಡ್ತಿದಾರಾ?" ಎಂದಳು. ಅದನ್ನು ಹೇಳುವಂತಿಲ್ಲ ಎಂದೆ. ಅವಳ ಅಪ್ಪ, "ವ್ಯಾಪಾರ ನಡೀತೈತೆ, ಮುಂದೆ ನೋಡು" ಎಂದು ಗದರಿದರು.

ಐದು. ನೂರರ ಮಾತೋ ಸಾವಿರದ ಮಾತೋ, ಮೊದಲೇ ಹೇಳಿಕೊಂಡಿರಲಿಲ್ಲ. ಐದು ರೂಪಾಯಿಯೂ ಇರಬಹುದು, ನಮ್ಮ ಮಾವನವರನ್ನು ನಂಬುವ ಹಾಗಿಲ್ಲ. ಕೇಳಬೇಕೆಂದು ಬಾಯಿವರೆಗೆ ಬಂತು, ಕೇಳಲಿಲ್ಲ. ಒಂದು ವಿಷಯ ಮಾತ್ರ ನನಗೆ ಗೊತ್ತಿತ್ತು: ಬೆಲೆ ಒಪ್ಪಿಗೆಯಾಗದಿದ್ದರೆ ಸಂತೆಯಲ್ಲಿ ತಟ್ಟನೆ ಕೈಬಿಡುತ್ತಾರೆ.

ಕುಣಿಗಲ್ ಹೋಯಿತು. ಹೊರಗೆ ಹೊತ್ತು ಇಳಿಯುತ್ತಿತ್ತು. ಹೆಬ್ಬೂರು ಬಂದು ಕಂಡಕ್ಟರ್ ಸೀಟಿ ಊದುವವರೆಗೂ ಮಾವನವರು ಕೈ ಬಿಡಲಿಲ್ಲ.